ಚಿತ್ರದ ಮೇಲೆ ಕನ್ನಡ ಒಡೆದರೆ ಫಾಂಟನ್ನು ದೂರಬೇಡಿ

ಪ್ರಶ್ನೆ: ಪೈಥಾನ್‌ನ ಪಿಲ್ಲೋ ಎಂಬ ಚಿತ್ರ ಲೈಬ್ರರಿ ಬಳಸಿ ಪ್ರಮಾಣಪತ್ರದ ಚಿತ್ರದ ಮೇಲೆ ಹೆಸರುಗಳನ್ನು ಬರೆಸುತ್ತಿದ್ದೇನೆ. ನನ್ನ ಕಂಪ್ಯೂಟರಿನಲ್ಲಿ ‘ಲಕ್ಷ್ಮಿ’ ಸರಿಯಾಗಿ ಮೂಡುತ್ತದೆ, ಸರ್ವರಿನಲ್ಲಿ ಮಾತ್ರ ಒತ್ತಕ್ಷರಗಳು ಬಿಡಿಬಿಡಿಯಾಗುತ್ತವೆ. ಹಲವು ಫಾಂಟ್‌ಗಳನ್ನು ಬದಲಿಸಿ ನೋಡಿದೆ. ಯಾವ ಫಾಂಟ್ ಬಳಸಲಿ?

ಉತ್ತರ: ಈಗ ಬಳಸುತ್ತಿರುವುದನ್ನೇ ಬಳಸಿ. ಒಂದೇ ಫಾಂಟ್ ಕಡತ ಒಂದು ಯಂತ್ರದಲ್ಲಿ ಸರಿಯಾಗಿ, ಇನ್ನೊಂದರಲ್ಲಿ ತಪ್ಪಾಗಿ ಮೂಡಿದ ಮೇಲೆ ದೋಷ ಫಾಂಟಿನದಲ್ಲ ಎಂಬುದು ಅಲ್ಲಿಗೇ ತೀರ್ಮಾನವಾಯಿತು. ಆದರೂ ಇದೇ ಪ್ರಶ್ನೆ ಬರುತ್ತಲೇ ಇರುವುದರಿಂದ ವಿವರವಾಗಿ ಬರೆಯುತ್ತಿದ್ದೇನೆ.

‘ಲಕ್ಷ್ಮಿ’ ಎಂಬುದು ಕಡತದಲ್ಲಿ ಏಳು ಯೂನಿಕೋಡ್ ಸಂಕೇತಗಳ ಸಾಲು: ಲ, ಕ, ವಿರಾಮ (ಅಂದರೆ ವ್ಯಂಜನದ ಅಕಾರವನ್ನು ತೆಗೆಯುವ ಚಿಹ್ನೆ), ಷ, ವಿರಾಮ, ಮ, ಕೊನೆಗೆ ಇಕಾರದ ಚಿಹ್ನೆ. ಷಕಾರ ಮಕಾರಗಳನ್ನು ಒತ್ತುಗಳಾಗಿಸಿ ಇಕಾರವನ್ನು ಮೂಲ ವ್ಯಂಜನದೊಂದಿಗೆ ಬೆಸೆಯುವ ನಿಯಮಗಳು ಫಾಂಟಿನೊಳಗೆ ಇರುತ್ತವೆ, ಆದರೆ ಅವುಗಳನ್ನು ಓದಿ ಅನ್ವಯಿಸುವ ಕೆಲಸ ಹಾರ್ಫ್‌ಬಜ್‌ನಂಥ ಶೇಪಿಂಗ್ ಎಂಜಿನ್‌ನದು. ಪಿಲ್ಲೋ ಅದನ್ನು ರಾಕ್ಮ್ ಎಂಬ ಲೈಬ್ರರಿಯ ಮೂಲಕ ಕರೆಯುತ್ತದೆ. ರಾಕ್ಮ್ ದೊರೆಯದಿದ್ದರೆ ಯಾವ ದೂರನ್ನೂ ಹೇಳದೆ ಬೇಸಿಕ್ ವಿನ್ಯಾಸಕ್ಕೆ ಇಳಿದು, ಸಂಕೇತಗಳನ್ನು ಒಂದರ ಪಕ್ಕ ಒಂದರಂತೆ ಜೋಡಿಸಿಬಿಡುತ್ತದೆ. ಈ ಮೌನವೇ ಎಲ್ಲ ಗೊಂದಲದ ಮೂಲ. ಪೈಥಾನ್ ಲೈಬ್ರರಿಗಳನ್ನು ಸ್ಥಾಪಿಸುವ ಪಿಪ್‌ನಿಂದ ಬರುವ ಸಿದ್ಧ ಪ್ಯಾಕೇಜಿನಲ್ಲಿ ರಾಕ್ಮ್ ಸೇರಿರುತ್ತದಾದರೂ ಅದಕ್ಕೆ ಬೇಕಾದ, ಪಠ್ಯದ ದಿಕ್ಕನ್ನು ನಿರ್ಧರಿಸುವ ಫ್ರಿಬಿಡಿ ಲೈಬ್ರರಿ ಆಯಾ ಯಂತ್ರದಲ್ಲಿ ಇರಬೇಕು. ನಿಮ್ಮ ಕಂಪ್ಯೂಟರಿನಲ್ಲಿ ಅದು ಬೇರಾವುದೋ ತಂತ್ರಾಂಶದ ಜೊತೆ ಬಂದು ಕುಳಿತಿರಬಹುದು. ಕನಿಷ್ಠ ಸಾಮಗ್ರಿಯಿಂದ ಕಟ್ಟಿದ ಸರ್ವರಿನಲ್ಲಿ ಇರುವುದಿಲ್ಲ. ಸರ್ವರಿನಲ್ಲಿ ಪಿಲ್ಲೋದ ಫೀಚರ್ಸ್ ಮಾಡ್ಯೂಲಿನ ಚೆಕ್ ಫಂಕ್ಷನ್ನಿಗೆ ‘raqm’ (ರಾಕ್ಮ್) ಎಂದು ಕೊಟ್ಟು ನೋಡಿ. ಫಾಲ್ಸ್ ಎಂದು ಬಂದರೆ ಫ್ರಿಬಿಡಿಯನ್ನು ಸ್ಥಾಪಿಸಿ.

ಇನ್ನೂ ಒಂದು ಎಚ್ಚರಿಕೆಯನ್ನು ನಾನು ಎಂದೂ ಬಿಡುವುದಿಲ್ಲ. ಟೆಕ್ಸ್ಟ್ ಫಂಕ್ಷನ್ನಿಗೆ ಲ್ಯಾಂಗ್ವೇಜ್ ಆರ್ಗ್ಯುಮೆಂಟನ್ನೂ ಕನ್ನಡದ ಸಂಕೇತವಾದ ‘kn’ನೊಡನೆ ಕೊಡುತ್ತೇನೆ. ಆಗ ರಾಕ್ಮ್ ಇಲ್ಲದ ಯಂತ್ರದಲ್ಲಿ ಪ್ರೋಗ್ರಾಂ ದೋಷ ತೋರಿಸಿ ನಿಲ್ಲುತ್ತದೆ. ಒಡೆದ ಹೆಸರುಗಳಿರುವ ಪ್ರಮಾಣಪತ್ರಗಳು ಜನರ ಕೈ ಸೇರುವುದಕ್ಕಿಂತ ಪ್ರೋಗ್ರಾಂ ನಿಲ್ಲುವುದು ಎಷ್ಟೋ ಮೇಲು.

ಇದಕ್ಕೆ ‘ಸುಲಭೋಪಾಯ’ ಎಂದು ಹಂಚಲಾಗುವ ಎರಡು ಸಲಹೆಗಳನ್ನು ದಯವಿಟ್ಟು ನಂಬಬೇಡಿ. ಪಠ್ಯವನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ತುಣುಕುಗಳನ್ನು ಜೋಡಿಸಿದ ಹಳೆಯ ಆಸ್ಕಿ ಫಾಂಟಿಗೆ ಪರಿವರ್ತಿಸಿ ಬರೆಸಿದರೆ ಒತ್ತುಗಳು ಕೂಡಿದಂತೆ ಕಾಣುತ್ತವೆ, ನಿಜ. ಆದರೆ ಹೆಸರಿನ ನಡುವೆ ಒಂದು ಇಂಗ್ಲಿಷ್ ಇನಿಶಿಯಲ್ ಬಂದರೆ ಅದೂ ಕನ್ನಡದ ಯಾವುದೋ ತುಣುಕಾಗಿ ಮೂಡುತ್ತದೆ. ಒತ್ತನ್ನು ಪ್ರತ್ಯೇಕವಾಗಿ ಇಷ್ಟು ಪಿಕ್ಸೆಲ್ ಕೆಳಗೆ ಬರೆಯಿರಿ ಎಂಬ ಎರಡನೆಯ ಸಲಹೆಯಂತೂ ಅಕ್ಷರದ ಗಾತ್ರ ಬದಲಾದ ಕೂಡಲೇ ಕುಸಿಯುತ್ತದೆ, ಅರ್ಕಾವತ್ತಿಗೆ ಮೊದಲೇ ಒದಗುವುದಿಲ್ಲ.

ಪ್ರಶ್ನೆ: ಪಿಎಚ್‌ಪಿಯ ಇಮೇಜ್‌ಟಿಟಿಎಫ್‌ಟೆಕ್ಸ್ಟ್‌ನಲ್ಲಿ (ಚಿತ್ರದ ಮೇಲೆ ಪಠ್ಯ ಬರೆಯುವ ಫಂಕ್ಷನ್) ಎಕ್ಸ್, ವೈ ಸ್ಥಾನಗಳೆರಡಕ್ಕೂ ಸೊನ್ನೆ ಕೊಟ್ಟರೆ ಪಠ್ಯವೇ ಕಾಣುವುದಿಲ್ಲ.

ಉತ್ತರ: ಅಲ್ಲಿ ವೈ ಎಂದರೆ ಅಕ್ಷರಗಳು ಕೂರುವ ಆಧಾರರೇಖೆ, ಪಠ್ಯದ ಮೇಲಂಚಲ್ಲ. ಅದು ಸೊನ್ನೆಯಾದರೆ ಅಕ್ಷರಗಳು ಚಿತ್ರದ ಮೇಲಂಚಿನ ಹೊರಗೆ ಹೋಗುತ್ತವೆ; ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದೆ.

ಪ್ರಶ್ನೆ: ಪಿಲ್ಲೋದಲ್ಲಿ ಪಠ್ಯದ ಅಳತೆ ಹೇಳುವ ಟೆಕ್ಸ್ಟ್‌ಸೈಜ್ ಕೆಲಸ ಮಾಡುತ್ತಿಲ್ಲ.

ಉತ್ತರ: 2023ರಲ್ಲಿ ಬಂದ 10ನೇ ಆವೃತ್ತಿಯಲ್ಲೇ ಅದನ್ನು ತೆಗೆದಿದ್ದಾರೆ, ಟೆಕ್ಸ್ಟ್‌ಬಿಬಾಕ್ಸ್ ಬಳಸಿ.

ಪ್ರಶ್ನೆ: ಉದ್ದದ ವಾಕ್ಯವನ್ನು ಇಪ್ಪತ್ತೈದು ಅಕ್ಷರಗಳಿಗೊಮ್ಮೆ ಕತ್ತರಿಸಿ ಸಾಲು ಮಾಡುತ್ತಿದ್ದೇನೆ, ಆದರೂ ಸಾಲುಗಳು ಸಮನಾಗುತ್ತಿಲ್ಲ. ನಡುವೆ ಕೆಲವು ಪದಗಳನ್ನು ದಪ್ಪಗೆ ತೋರಿಸುವುದು ಹೇಗೆ?

ಉತ್ತರ: ಸಂಕೇತಗಳ ಎಣಿಕೆಯಿಂದ ಅಗಲ ತಿಳಿಯುವುದಿಲ್ಲ, ಜೊತೆಗೆ ಕತ್ತರಿ ಒತ್ತಕ್ಷರದ ನಡುವೆಯೂ ಬೀಳಬಹುದು. ಪದದ ಮುಂದೆ ಪದ ಸೇರಿಸುತ್ತ ಟೆಕ್ಸ್ಟ್‌ಲೆಂತ್‌ನಿಂದ ಸಾಲನ್ನು ಅಳೆಯಿರಿ. ಮಿತಿ ಮೀರಿಸಿದ ಪದವನ್ನು ಮುಂದಿನ ಸಾಲಿಗೆ ಇಳಿಸಿ. ದಪ್ಪಕ್ಷರಕ್ಕೆ ಬೋಲ್ಡ್ ಫಾಂಟಿನ ಕಡತವನ್ನೇ ತೆರೆದು, ಹಿಂದಿನ ತುಣುಕಿನ ಅಗಲದಷ್ಟು ಎಕ್ಸ್ ಅನ್ನು ಮುಂದಕ್ಕೆ ಸರಿಸಿ ಬರೆಯಬೇಕು. ಎರಡು ತುಣುಕುಗಳನ್ನೂ ಆಧಾರರೇಖೆಗೆ ಹೊಂದಿಸುವ ಆ್ಯಂಕರ್‌ನಿಂದಲೇ (ಪಠ್ಯದ ಯಾವ ಬಿಂದು ಕೊಟ್ಟ ಸ್ಥಾನಕ್ಕೆ ಕೂರಬೇಕೆಂದು ಹೇಳುವ ಆರ್ಗ್ಯುಮೆಂಟ್) ಇಡಿ. ಇಲ್ಲವಾದರೆ ಒಂದು ಮೇಲಕ್ಕೂ ಇನ್ನೊಂದು ಕೆಳಕ್ಕೂ ಜಾರಬಹುದು. ಇಂಥ ಬೆರಕೆ ಶೈಲಿ ಪುಟದ ತುಂಬ ಬೇಕಿದ್ದರೆ ಪಿಲ್ಲೋವನ್ನು ಬಿಟ್ಟು ಪಠ್ಯವಿನ್ಯಾಸದ ಲೈಬ್ರರಿಯಾದ ಪ್ಯಾಂಗೋ ಹಿಡಿಯಿರಿ. ಸಾಲು ಮುರಿಯುವುದು, ಶೇಪಿಂಗ್, ಶೈಲಿಯನ್ನು ಪಠ್ಯದೊಳಗೇ ಗುರುತಿಸುವ ಮಾರ್ಕಪ್ ಮೂರೂ ಅದರಲ್ಲಿ ಒಟ್ಟಿಗೇ ದೊರೆಯುತ್ತವೆ.