ಗಿಡದ ಪ್ರಶ್ನೆ: ಔಷಧಿ ವನಕ್ಕೆ ಒಂದೊಂದೇ ಗಿಡ ಸಾಕಾ?

ಪ್ರಶ್ನೆ: ನಮ್ಮ ಶಾಲೆಯ ಹಿಂದೆ ಹತ್ತು ಗುಂಟೆ ಜಾಗ ಇದೆ. ಅಲ್ಲಿ ಔಷಧಿ ವನ ಮಾಡುತ್ತಿದ್ದೇವೆ. ಜಾತಿಗೊಂದು ಗಿಡದಂತೆ ನೂರು ಜಾತಿ ನೆಟ್ಟರೆ ಅಳಿಯುತ್ತಿರುವ ಗಿಡಗಳನ್ನು ಉಳಿಸಿದ ಹಾಗೆ ಅಲ್ವಾ ಮೇಡಂ? ಮಾಗಳಿಯನ್ನೂ ಹಾಕುವ ಆಸೆ. ಬೆಟ್ಟದಿಂದ ಕಿತ್ತು ತರಬಹುದಾ?
– ಒಬ್ಬ ಶಿಕ್ಷಕರು, ಪಾಂಡವಪುರ ತಾಲ್ಲೂಕು

ಉತ್ತರ: ಮೇಷ್ಟ್ರೇ, ನಿಮ್ಮ ಕಾಗದ ಓದಿ ತುಂಬಾ ಖುಷಿಯಾಯಿತು. ಆದರೆ ನೂರು ಜಾತಿ ಬೇಡ, ಇಪ್ಪತ್ತು ಸಾಕು. ಒಂದೊಂದರಲ್ಲೂ ಐದಾರು ಗಿಡ ಇರಲಿ, ಅವೂ ಬೇರೆ ಬೇರೆ ತಾಯಿಗಿಡಗಳಿಂದ ಬಂದವು.

ಯಾಕೆ ಅಂದರೆ, ಈ ತಪ್ಪು ನಾನೇ ಮಾಡಿದ್ದೇನೆ. ಮೈಸೂರಿನ ಒಂದು ಕಾಲೇಜು ತೋಟ ನನ್ನ ಉಸ್ತುವಾರಿಯಲ್ಲಿದ್ದಾಗ ಬೇಲಿಗೆ ಅಮೃತಬಳ್ಳಿ ಹಬ್ಬಿಸಿದ್ದೆ. ಪಕ್ಕದ ಮನೆಯ ಬೇವಿನ ಮರದಿಂದ ಒಂದು ಬಳ್ಳಿ ತಂದು, ಆರು ತುಂಡು ಮಾಡಿ ನೆಟ್ಟೆ. ಆರೂ ಚಿಗುರಿದವು. ಹಳದಿ-ಹಸಿರು ಬಣ್ಣದ ಪುಟ್ಟ ಹೂವೂ ಬಂದವು. ನಾಲ್ಕು ವರ್ಷ ಕಾದರೂ ಬಟಾಣಿ ಗಾತ್ರದ ಆ ಕೆಂಪು ಹಣ್ಣು ಒಂದೂ ಕಾಣಲಿಲ್ಲ. ಅಮೃತಬಳ್ಳಿಯಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ನಾನು ತಂದದ್ದು ಗಂಡು, ಹಾಗಾಗಿ ಆರೂ ಗಂಡೇ. ನೋಡೋಕೆ ಆರು ಬಳ್ಳಿ, ಲೆಕ್ಕಕ್ಕೆ ಒಂದೇ ಗಿಡ. ಒಂದಕ್ಕೆ ಹಿಡಿಯುವ ರೋಗ ಆರಕ್ಕೂ ಹಿಡಿಯುತ್ತದೆ. ಬೇರೆ ಬೇರೆ ಊರಿನ ಬಳ್ಳಿ ತಂದು ಸೇರಿಸಿದ ಮೇಲೇ ಅಲ್ಲಿ ಹಣ್ಣು ಕಂಡದ್ದು.

ಇನ್ನು ಮಾಗಳಿ. ನಮ್ಮಮ್ಮ ದೇವರಾಜ ಮಾರ್ಕೆಟ್ಟಿನಿಂದ ಮಣ್ಣು ಮೆತ್ತಿದ ಬೇರು ತರುತ್ತಿದ್ದರು. ನೀರಲ್ಲಿ ನೆನೆಸಿ, ಸಿಪ್ಪೆ ಹೆರೆದು, ನಡುವಿನ ಗಟ್ಟಿ ನಾರು ತೆಗೆದು, ಸಣ್ಣಗೆ ಹೆಚ್ಚಿ ಉಪ್ಪಿನಕಾಯಿ ಹಾಕುತ್ತಿದ್ದರು. ಆ ಘಮ ಎರಡು ದಿನ ಅವರ ಕೈ ಬಿಡುತ್ತಿರಲಿಲ್ಲ. ಮಾವಿನಕಾಯಿ ಕಿತ್ತರೆ ಮರ ಇರುತ್ತದೆ. ಮಾಗಳಿಯಲ್ಲಿ ನಮಗೆ ಬೇಕಾದದ್ದೇ ಬೇರು, ಅಗೆದರೆ ಗಿಡವೇ ಹೋಯಿತು. ದಕ್ಷಿಣ ಭಾರತದ ಕಲ್ಲುಬೆಟ್ಟಗಳ ಈ ಬಳ್ಳಿ ಈಗ ಅಳಿವಿನ ಅಪಾಯದ ಪಟ್ಟಿಯಲ್ಲಿದೆ. ದಯವಿಟ್ಟು ಬೆಟ್ಟದಿಂದ ಕೀಳಬೇಡಿ. ಅಲ್ಲಿ ಒಂದು ಕಡಿಮೆಯಾಗುತ್ತದೆ, ನಿಮ್ಮಲ್ಲಿ ಬದುಕುತ್ತದೆ ಅನ್ನುವ ಖಾತ್ರಿಯೂ ಇಲ್ಲ. ಅರಣ್ಯ ಇಲಾಖೆಯವರನ್ನು ಕೇಳಿ, ಬೀಜದಿಂದ ಎಬ್ಬಿಸಿದ ಸಸಿ ತನ್ನಿ. ನೀರು ನಿಲ್ಲದ ಕಲ್ಲುಮಣ್ಣಿನಲ್ಲಿ ನೆಡಿ. ಮುಂದೆ ಜೋಡಿ ಕಾಯಿ ಬಿಟ್ಟಾಗ ತೆಳು ಬಟ್ಟೆ ಕಟ್ಟಿ. ಬೀಜಕ್ಕೆ ರೇಷ್ಮೆಯಂಥ ಕೂದಲಿರುತ್ತದೆ, ಕಾಯಿ ಒಡೆದರೆ ಗಾಳಿಗೆ ಹಾರಿಹೋಗುತ್ತದೆ. ಸಿಕ್ಕಿದ್ದನ್ನು ಡಬ್ಬಿಯಲ್ಲಿಡದೆ ಬೇಗ ಬಿತ್ತಿ.

ಮಾಗಳಿಯ ಮನೆ ಬೆಟ್ಟವೇ. 1993ರಲ್ಲಿ ಶುರುವಾದ ಯೋಜನೆಯೊಂದರಲ್ಲಿ ಅರಣ್ಯ ಇಲಾಖೆ ಸಾವನದುರ್ಗ, ಬಿಳಿಗಿರಿರಂಗನ ಬೆಟ್ಟದಂಥ ಕಡೆ ಔಷಧಿ ಗಿಡಗಳಿಗೆಂದೇ ಕಾಡಿನ ಭಾಗಗಳನ್ನು ಕಾಪಾಡಿಕೊಂಡು ಬಂದಿದೆ. ಅಲ್ಲಿ ಏನಾದರೂ ಆದರೆ ಬೀಜಕ್ಕೆ ನಮ್ಮ ತೋಟಗಳು ಇರಬೇಕು.

ಅಶೋಕ ಕೊಳ್ಳುವಾಗಲೂ ಹುಷಾರು. ನೆಟ್ಟಗೆ ಬೆಳೆಯುವ ಕಂಬದ ಅಶೋಕ ಬೇರೆ ಮರ. ಔಷಧಿಯದು ಕಿತ್ತಳೆ-ಕೆಂಪು ಹೂಗೊಂಚಲಿನ ಸೀತಾ ಅಶೋಕ.

ಕೊನೆಗೆ, ಒಂದು ನೋಟ್‌ಬುಕ್ ಇಡಿ. ಯಾವ ಗಿಡ, ಯಾವ ಊರಿನದು, ಯಾವ ತಾಯಿಯದು, ಯಾವತ್ತು ನೆಟ್ಟದ್ದು, ಎಲ್ಲ ಮಕ್ಕಳ ಕೈಲೇ ಬರೆಸಿ. ಬರೀ ಹೆಸರಿನ ಬೋರ್ಡು ಸಾಲದು. ನಿಮ್ಮ ಅಮೃತಬಳ್ಳಿಯಲ್ಲಿ ಹಣ್ಣು ಕೆಂಪಾದಾಗ ನನಗೊಂದು ಕಾಗದ ಹಾಕಿ, ನೋಡೋಕೆ ಬರುತ್ತೇನೆ.