ಅಡಿ ಅಳೆಯಬೇಡಿ, ಇಳಿಜಾರು ನೋಡಿ

ಕಳೆದ ಸಂಚಿಕೆಯಲ್ಲಿ ಹಟ್ಟಿ ಚಿನ್ನದ ಬಗ್ಗೆ ಬಂದ ಲೇಖನ ಓದಿ ಲಿಂಗಸುಗೂರಿನ ಡಿಪ್ಲೊಮಾ ವಿದ್ಯಾರ್ಥಿಯೊಬ್ಬರು ಪತ್ರ ಬರೆದಿದ್ದಾರೆ. ಸಯನೈಡ್ ಚಿನ್ನವನ್ನು ಹೇಗೆ ಕರಗಿಸುತ್ತದೆ ಎಂದು ಬರೆದಿರಿ, ಆ ಸಯನೈಡನ್ನು ಇಡುವುದು ಹೇಗೆಂದು ಬರೆಯಲಿಲ್ಲ ಎಂಬುದು ಅವರ ಆಕ್ಷೇಪ. ಪ್ರಾಜೆಕ್ಟಿಗಾಗಿ ಅವರು ಅದಿರು ಮಿಲ್ಲೊಂದರ ಗೋದಾಮಿನ ನಕ್ಷೆ ಬಿಡಿಸುತ್ತಿದ್ದಾರಂತೆ. ಕೇಳಿರುವುದು ಮೂರು ಪ್ರಶ್ನೆ: ಹತ್ತಡಿ ಅಂತರ ಬಿಟ್ಟು ಒಂದೇ ಶೆಡ್ಡಿನಲ್ಲಿ ಸಯನೈಡ್ ಮತ್ತು ಆಸಿಡ್ ಇಡಬಹುದೇ? ವಾಸನೆ ಬರದಿದ್ದರೆ ಗಾಳಿಯಲ್ಲಿ ವಿಷವಿಲ್ಲ ಎನ್ನುವುದು ನಿಜವೇ? ಖಾಲಿ ಡ್ರಮ್ ತೊಳೆದು ನೀರು ತುಂಬಿಡಬಹುದೇ?

ಮೂರಕ್ಕೂ ಇಲ್ಲ ಎಂಬುದೇ ಉತ್ತರ. ಕಾರಣ ಗೊತ್ತಿದ್ದರೆ ನಕ್ಷೆ ತಾನಾಗಿ ಸರಿಯಾಗುತ್ತದೆ.

ಡ್ರಮ್ಮಿನೊಳಗೆ ಒಣಗಿ ಕೂತಿರುವ ಸೋಡಿಯಂ ಸಯನೈಡ್ ಬಿಳಿ ಬಿಲ್ಲೆಗಳ ರೂಪದಲ್ಲಿರುತ್ತದೆ. ಮುಟ್ಟದೆ, ಬಾಯಿಗೆ ಹೋಗದೆ ಇರುವವರೆಗೆ ಅದು ಎದ್ದು ಬಂದು ಯಾರನ್ನೂ ಕೊಲ್ಲುವುದಿಲ್ಲ. ಆದರೆ ಆಸಿಡ್ ತಾಗಿದರೆ ಹೈಡ್ರೋಜನ್ ಸಯನೈಡ್ ಎಂಬ ವಿಷಾನಿಲವಾಗಿ ಹೊರಡುತ್ತದೆ. ಒಂದು ಕಿಲೋ ಸಯನೈಡಿನಿಂದ ಸುಮಾರು 550 ಗ್ರಾಂ ಅನಿಲ, ಅಂದರೆ ಸುಮಾರು 500 ಲೀಟರ್. 50 ಮೀಟರ್ ಉದ್ದ, 20 ಮೀಟರ್ ಅಗಲ, 10 ಮೀಟರ್ ಎತ್ತರದ ಶೆಡ್ಡಿನ ಗಾಳಿಯನ್ನೆಲ್ಲ 50 ಪಿಪಿಎಂಗೆ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 50 ಭಾಗಕ್ಕೆ) ಮುಟ್ಟಿಸಲು ಅಷ್ಟು ಸಾಕು. 50 ಪಿಪಿಎಂ ಎಂದರೆ ಜೀವಕ್ಕೆ ತಕ್ಷಣ ಅಪಾಯ ಎಂದು ಗುರುತಿಸಿರುವ ಮಟ್ಟ. ಈ ವಿಷ 26 ಡಿಗ್ರಿಗೇ ಕುದಿಯುತ್ತದೆ. ನಮ್ಮ ರಾಯಚೂರು ಸೀಮೆಯಲ್ಲಿ ಹಗಲು ಹೊತ್ತು 26ಕ್ಕಿಂತ ಕೆಳಗಿರುವ ದಿನಗಳು ಎಷ್ಟಿದ್ದಾವು?

ಇನ್ನು ಆ ಹತ್ತಡಿ. ಆಸಿಡ್ ಕ್ಯಾನ್ ಸೋರಿದರೆ ಅದು ಅಡಿ ಲೆಕ್ಕ ಹಾಕಿ ನಿಲ್ಲುವುದಿಲ್ಲ, ನೆಲ ಯಾವ ಕಡೆ ಇಳಿದಿದೆಯೋ ಅತ್ತ ಹರಿಯುತ್ತದೆ. ಹಾಗಾಗಿ ನಕ್ಷೆಯಲ್ಲಿ ಮೊದಲು ಬಿಡಿಸಬೇಕಾದ್ದು ಗೋಡೆಯಲ್ಲ, ಚರಂಡಿ. ಗೋದಾಮು ಬೇರೆ ಬೇರೆ ಇದ್ದು ಎರಡರ ಚರಂಡಿಯೂ ಒಂದೇ ಸಂಪಿಗೆ ಬಿದ್ದರೆ ಬೇರೆ ಮಾಡಿ ಪ್ರಯೋಜನವೇನು? ಸಯನೈಡಿಗೆ ಅದರದೇ ಶೆಡ್ಡು, ಅದರದೇ ಕಟ್ಟೆ, ಅದರದೇ ಸಂಪು ಬೇಕು. ದ್ರಾವಣದ ಟ್ಯಾಂಕಿದ್ದರೆ ಸುತ್ತಲಿನ ಕಟ್ಟೆ ಅತಿ ದೊಡ್ಡ ಟ್ಯಾಂಕಿನ 110 ಪ್ರತಿಶತ ಹಿಡಿಯುವಷ್ಟಿರಲಿ. ನೆಲ ಹೊರಗಿನ ಮಟ್ಟಕ್ಕಿಂತ ಎತ್ತರವಿರಲಿ, ಡ್ರಮ್ಮುಗಳು ಪ್ಯಾಲೆಟ್ ಮೇಲೆ ಕೂರಲಿ. ಈ ಅನಿಲ ಗಾಳಿಗಿಂತ ತುಸು ಹಗುರ, ಆದ್ದರಿಂದ ಗಾಳಿಕಿಂಡಿ ಮಾಡಿನ ಹತ್ತಿರವೂ ಬೇಕು. ಬೆಂಕಿ ಆರಿಸಲೆಂದು ಗೋಡೆಗೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ತೂಗುಹಾಕಬೇಡಿ: ಅದು ತೇವದ ಜೊತೆ ಸೇರಿದರೆ ದುರ್ಬಲ ಆಮ್ಲವಾಗುತ್ತದೆ, ಸಯನೈಡಿಗೆ ಅದೂ ಸಾಕು. ಒಣ ಪುಡಿಯ ಸಿಲಿಂಡರ್ ಇಡಿ.

ಮಿಲ್ಲಿನಲ್ಲಿ ಬಳಸುವ ಸುಟ್ಟ ಸುಣ್ಣ ಮತ್ತು ಸತುವಿನ ಪುಡಿಯದು ಬೇರೆ ಕಥೆ. ಎರಡಕ್ಕೂ ನೀರೇ ಶತ್ರು. ಮಳೆ ಸೋರುವ ಶೀಟಿನ ಕೆಳಗೆ ಎರಡನ್ನೂ ಇಡಬಾರದು.

ವಾಸನೆಯ ಮಾತು ಕೇಳಲೇಬೇಡಿ. ಕಹಿ ಬಾದಾಮಿಯ ವಾಸನೆ ಎನ್ನುತ್ತಾರೆ ನಿಜ, ಆದರೆ ಕೆಲವರ ಮೂಗಿಗೆ ಅದು ಹುಟ್ಟಿನಿಂದಲೇ ತಿಳಿಯುವುದಿಲ್ಲ. ತಿಳಿಯುವವರಿಗೂ ಸ್ವಲ್ಪ ಹೊತ್ತಿಗೆ ಮೂಗು ಮರಗಟ್ಟುತ್ತದೆ. ಎದೆಗೆ ಸಿಕ್ಕಿಸುವ ಗ್ಯಾಸ್ ಮೀಟರ್ 4.7 ಪಿಪಿಎಂಗೆ ಕೂಗಬೇಕು, 10ಕ್ಕೆ ಎಲ್ಲರೂ ಹೊರಗಿರಬೇಕು.

ಪತ್ರದಲ್ಲಿ ಕೇಳದ ಒಂದು ವಿಷಯ ಹೇಳಲೇಬೇಕು, ಏಕೆಂದರೆ ಅನಿಲ ಹುಟ್ಟಲು ಆಸಿಡ್ಡೇ ಬೇಕೆಂದಿಲ್ಲ. ಬರಿ ನೀರಿನಲ್ಲಿ ಪಿಎಚ್ (ಆಮ್ಲ-ಕ್ಷಾರದ ಅಳತೆ; 7ಕ್ಕಿಂತ ಏರಿದಷ್ಟೂ ಕ್ಷಾರ ಹೆಚ್ಚು) 9.2ಕ್ಕೆ ಇಳಿದರೆ ಕರಗಿದ ಸಯನೈಡಿನ ಅರ್ಧ ಭಾಗ ಅನಿಲವಾಗಬಲ್ಲ ರೂಪದಲ್ಲಿರುತ್ತದೆ. 10.5ರಲ್ಲಿ ಅದು ಸುಮಾರು 5 ಪ್ರತಿಶತ, 11ರಲ್ಲಿ 2 ಪ್ರತಿಶತಕ್ಕಿಂತ ಕಡಿಮೆ. ಆದ್ದರಿಂದ ದ್ರಾವಣ ಕಲಸುವ ಕ್ರಮ ಒಂದೇ: ಮೊದಲು ನೀರು, ಆಮೇಲೆ ಕಾಸ್ಟಿಕ್ ಸೋಡಾ, ಕಡೆಗೆ ಸಯನೈಡ್. ಪಿಎಚ್ 12 ಮುಟ್ಟಿದ್ದನ್ನು ನೋಡದೆ ಡ್ರಮ್ಮಿನ ಮುಚ್ಚಳ ಬಿಚ್ಚುವಂತಿಲ್ಲ. ಪುಸ್ತಕದ ಲೆಕ್ಕದಲ್ಲಿ 1000 ಲೀಟರ್ ಶುದ್ಧ ನೀರಿಗೆ 400 ಗ್ರಾಂ ಕಾಸ್ಟಿಕ್ ಸಾಕು. ಎಡವುವುದು ಇಲ್ಲಿಯೇ. ಬೋರ್‌ವೆಲ್ಲಿನ ಗಡಸು ನೀರಿನ ಬೈಕಾರ್ಬನೇಟ್, ಮೆಗ್ನೀಸಿಯಂ ಎಲ್ಲ ಸೇರಿ ಕಾಸ್ಟಿಕ್ಕನ್ನು ತಿಂದುಹಾಕುತ್ತವೆ. ಪಾಳಿಯವರು 400 ಗ್ರಾಂ ತೂಗಿ ಹಾಕಿ ಆಯಿತೆಂದುಕೊಂಡರೆ ಪಿಎಚ್ 12 ಮುಟ್ಟಿರುವುದೇ ಇಲ್ಲ. ತೂಕ ನಂಬದೆ ಮೀಟರ್ ನೋಡಿ. ಮೀಟರನ್ನು 7 ಮತ್ತು 10ರ ಬಫರಿನಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣದಲ್ಲಿ) ಹೊಂದಿಸಿದ ಮೇಲೆ ಪಿಎಚ್ ಪಟ್ಟಿಯಲ್ಲಿ ಇನ್ನೊಮ್ಮೆ ತಾಳೆ ನೋಡಿ. ಕಲಸುವಾಗ ಇಬ್ಬರು ಇರಲೇಬೇಕು, ಒಬ್ಬ ದೂರದಿಂದ ನೋಡುತ್ತಿರಲಿ.

ಒಣ ಬಿಲ್ಲೆ ಚೆಲ್ಲಿದರೆ ನೀರು ಹಾಕಬೇಡಿ. ಸಲಿಕೆಯಲ್ಲಿ ಎತ್ತಿ ಡ್ರಮ್ಮಿಗೆ ತುಂಬಿ. ಮಳೆ ಬರುತ್ತಿದ್ದರೆ ಮೊದಲು ತಾಡಪತ್ರಿ ಹೊದಿಸಿ. ಉಳಿದ ಪುಡಿಗೆ ಸೋಡಿಯಂ ಹೈಪೋಕ್ಲೋರೈಟ್ ಹಾಕುವುದುಂಟು, ಅದೂ ಪಿಎಚ್ 11ರ ಮೇಲಿದ್ದಾಗ ಮಾತ್ರ. ಇಲ್ಲದಿದ್ದರೆ ಸಯನೋಜನ್ ಕ್ಲೋರೈಡ್ ಎಂಬ ಇನ್ನೊಂದು ವಿಷಾನಿಲ ಏಳುತ್ತದೆ. ಯಾರಾದರೂ ಕುಸಿದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಬಾರದು, ಕೊಟ್ಟವನೂ ಬೀಳುತ್ತಾನೆ. ಉಸಿರಾಟದ ಸಾಧನ ಧರಿಸಿದವರೇ ಹೊರಗೆಳೆಯಬೇಕು. ಬಟ್ಟೆ ತೆಗೆದು ತೊಳೆದು ಆಮ್ಲಜನಕ ಕೊಡಬೇಕು. ಪ್ರತಿವಿಷ ಹತ್ತಿರದ ಆಸ್ಪತ್ರೆಯಲ್ಲಿ ಮೊದಲೇ ಇರಬೇಕು, ಅಲ್ಲಿನ ವೈದ್ಯರಿಗೆ ಅದರ ಬಳಕೆ ತಿಳಿದಿರಬೇಕು.

ಡ್ರಮ್ಮಿನ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಬೇಸಿಗೆಯಲ್ಲಿ ನೀರು ಹಿಡಿದಿಡಲು ಪಾತ್ರೆ ಸಾಲದ ಊರುಗಳಲ್ಲಿ ಗಟ್ಟಿ ಡ್ರಮ್ಮಿನ ಮೇಲೆ ಯಾರದಾದರೂ ಕಣ್ಣು ಬೀಳುವುದು ಸಹಜ. ಆದರೆ 200 ಮಿಲಿಗ್ರಾಂ ಸಯನೈಡ್ ಒಬ್ಬ ವಯಸ್ಕನಿಗೆ ಸಾಕು, ಮಗುವಿಗೆ ಅಷ್ಟೂ ಬೇಡ. ಅಂಚಿನ ಮಡಿಕೆಯಲ್ಲಿ ಅಂಟಿದ ಪುಡಿ ಕಣ್ಣಿಗೆ ಕಾಣುವುದಿಲ್ಲ. ಖಾಲಿ ಡ್ರಮ್ಮನ್ನು ಕಾಸ್ಟಿಕ್ ಬೆರೆಸಿದ ನೀರಿನಲ್ಲಿ ಮೂರು ಬಾರಿ ತೊಳೆಯಬೇಕು, ಆ ನೀರನ್ನು ಕಲಸುವ ಟ್ಯಾಂಕಿಗೇ ಸುರಿಯಬೇಕು. ತೊಳೆದ ಮೇಲೂ ಅದು ನೀರಿಗಾಗುವುದಿಲ್ಲ. ಮಿಲ್ಲಿನೊಳಗೇ ತೂತು ಕೊರೆದು, ಚಪ್ಪಟೆ ಮಾಡಿ, ಎಣಿಸಿ ಬರೆದಿಡಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗಷ್ಟೇ ಕೊಡಬೇಕು. ಗುಜರಿಗೆ ಹಾಕುವಂತಿಲ್ಲ. ಬಂದ ಡ್ರಮ್ಮಿನ ಲೆಕ್ಕಕ್ಕೂ ಚಪ್ಪಟೆಯಾದ ಡ್ರಮ್ಮಿನ ಲೆಕ್ಕಕ್ಕೂ ಒಂದು ಸಂಖ್ಯೆ ವ್ಯತ್ಯಾಸ ಬಂದರೂ ಅಂದೇ ಹುಡುಕಬೇಕು.

ನಿಮ್ಮ ನಕ್ಷೆಗೆ ಇನ್ನೊಂದು ಗೆರೆ. ಕಲಸುವ ಟ್ಯಾಂಕಿನಿಂದ ಹತ್ತು ಸೆಕೆಂಡಿನ ನಡಿಗೆಯಲ್ಲಿ ಮೈ ಮತ್ತು ಕಣ್ಣು ತೊಳೆಯುವ ಶವರ್ ಇರಬೇಕು. ಕಾಸ್ಟಿಕ್ ಕಣ್ಣಿಗೆ ಹಾರಿದರೆ 15 ನಿಮಿಷ ಬಿಡದೆ ತೊಳೆಯಬೇಕಾಗುತ್ತದೆ. ಬಿಸಿಲಿಗೆ ಬಿದ್ದ ಕಬ್ಬಿಣದ ಪೈಪಿನ ನೀರು ಏಪ್ರಿಲ್ ಮಧ್ಯಾಹ್ನ ಕೈಯಿಡಲಾರದಷ್ಟು ಕಾದಿರುತ್ತದೆ. ಅದರ ಕೆಳಗೆ ಯಾರೂ 15 ನಿಮಿಷ ನಿಲ್ಲುವುದಿಲ್ಲ. ಪೈಪನ್ನು ನೆಲದಡಿ ಒಯ್ಯಿರಿ, ಮೇಲಿನ ಟ್ಯಾಂಕಿಗೆ ನೆರಳು ಕೊಡಿ.

— ಸಂ.