ಮೈಕ್ ಇದೆಯೋ ಇಲ್ಲವೋ ಎಂದು ಫೋನು ತಿಳಿಯುವ ಬಗೆ

ಪ್ರಶ್ನೆ: ಮೈಕ್ ಇರುವ ಇಯರ್‌ಫೋನ್ ಸಿಕ್ಕಿಸಿದರೆ ಮೊಬೈಲು ಅದರ ಮೈಕನ್ನೇ ಬಳಸಿಕೊಳ್ಳುತ್ತದೆ; ಮೈಕ್ ಇಲ್ಲದ ಹೆಡ್‌ಫೋನ್ ಆದರೆ ತನ್ನೊಳಗಿನ ಮೈಕನ್ನು ಬಳಸುತ್ತದೆ. ನಾನು ಬಾಯಿ ತೆರೆಯುವ ಮೊದಲೇ ಈ ವ್ಯತ್ಯಾಸ ಅದಕ್ಕೆ ತಿಳಿಯುವುದು ಹೇಗೆ?

ಉತ್ತರ: ಈ ಹಂತದಲ್ಲಿ ಫೋನಿನೊಳಗಿನ ಆಡಿಯೊ ಚಿಪ್ ಧ್ವನಿಯನ್ನು ಆಲಿಸುವುದೇ ಇಲ್ಲ, ಅದು ಅಳೆಯುವುದು ಮೈಕಿನ ತಂತಿಯಲ್ಲಿರುವ ಡಿಸಿ ವೋಲ್ಟೇಜನ್ನು, ಎಂದರೆ ಧ್ವನಿಯಂತೆ ಏರಿಳಿಯದ ಸ್ಥಿರ ವೋಲ್ಟೇಜನ್ನು. ತಂತಿಯ ಹೆಡ್‌ಸೆಟ್‌ಗಳಲ್ಲಿ ಬಹುಮಟ್ಟಿಗೆ ಇರುವುದು 1962ರಲ್ಲಿ ಬೆಲ್ ಪ್ರಯೋಗಾಲಯದ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ರೂಪಿಸಿದ ಎಲೆಕ್ಟ್ರೆಟ್ ಬಗೆಯ ಮೈಕ್. ಅದರೊಳಗೆ ವಿದ್ಯುದಾವೇಶ ಕಾಯಮ್ಮಾಗಿ ನೆಲೆಸಿರುತ್ತದಾದರೂ, ಜೊತೆಗಿರುವ ಪುಟ್ಟ ಟ್ರಾನ್ಸಿಸ್ಟರು ಕೆಲಸ ಮಾಡಲು ಹೊರಗಿನಿಂದ ಕರೆಂಟ್ ಬೇಕು. ಅದನ್ನು ಕೊಡುವ ಪೂರೈಕೆಗೆ ಬಯಾಸ್ ಎನ್ನುತ್ತಾರೆ; ಚಿಪ್ಪಿನ ಬಯಾಸ್ ಪಿನ್ನು ಎರಡು-ಮೂರು ವೋಲ್ಟನ್ನು ಒಂದು ರೆಸಿಸ್ಟರಿನ ಮೂಲಕ, ಸಾಮಾನ್ಯವಾಗಿ 2.2 ಕಿಲೋಓಮ್‌ನದು, ಮೈಕಿಗೆ ಒದಗಿಸುತ್ತದೆ. ಮೈಕ್ ಒಂದಿಷ್ಟು ಕರೆಂಟ್ ಎಳೆದುಕೊಂಡಾಗ ತಂತಿಯ ವೋಲ್ಟೇಜು ನಡುಮಟ್ಟಕ್ಕೆ ಬಂದು ನಿಲ್ಲುತ್ತದೆ. ಏನೂ ಸಿಕ್ಕಿಸದಿದ್ದರೆ ಅದು ಬಯಾಸಿನಷ್ಟೇ ಇರುತ್ತದೆ. ಇನ್ನು ಮೈಕಿಲ್ಲದ ಹೆಡ್‌ಫೋನಿನ ಪ್ಲಗ್ಗಿನಲ್ಲಿ ನಾಲ್ಕರ ಬದಲು ಮೂರೇ ಲೋಹದ ಪಟ್ಟಿಗಳಿದ್ದು, ಉದ್ದನೆಯ ಕೊನೆಯ ಪಟ್ಟಿ ಗ್ರೌಂಡಿನದಾಗಿರುವುದರಿಂದ (ಗ್ರೌಂಡ್ ಎಂದರೆ ಸೊನ್ನೆ ವೋಲ್ಟೇಜಿನ ಬಿಂದು) ಮೈಕಿನ ಸಂಪರ್ಕಬಿಂದು ಅದಕ್ಕೇ ತಗುಲಿ ವೋಲ್ಟೇಜು ಸೊನ್ನೆಗೆ ಇಳಿಯುತ್ತದೆ.

ಹೇಳುವಾಗ ಸರಳವಾಗಿ ಕಂಡರೂ ಇದರಲ್ಲಿ ತೊಡಕುಗಳಿವೆ. ಪ್ಲಗ್ ಒಳಹೋಗುವಾಗ ಪಟ್ಟಿಗಳು ಒಂದೊಂದಾಗಿ ಬೇರೆ ಬೇರೆ ಬಿಂದುಗಳನ್ನು ಸವರಿಕೊಂಡೇ ಹೋಗುತ್ತವೆಯಾದ್ದರಿಂದ, ಚಿಪ್ ಮೊದಲ ಅಳತೆಯನ್ನು ನಂಬದೆ, ವೋಲ್ಟೇಜು ಸ್ಥಿರವಾಗುವವರೆಗೆ ಕಾದು ಮತ್ತೆ ಅಳೆಯಬೇಕಾಗುತ್ತದೆ. ಪ್ಲಗ್ಗಿನ ಪಟ್ಟಿಗಳನ್ನು ಜೋಡಿಸುವ ಸಿಟಿಐಎ ಮತ್ತು ಓಎಂಟಿಪಿ ಎಂಬ ಎರಡು ಪದ್ಧತಿಗಳಲ್ಲಿ ಮೈಕ್ ಮತ್ತು ಗ್ರೌಂಡಿನ ಜಾಗಗಳು ಅದಲುಬದಲಾಗಿರುವುದು ಮತ್ತೊಂದು ತಲೆನೋವು. ಕೆಲವು ಚಿಪ್ಪುಗಳು ಒಳಗಿನ ಸ್ವಿಚ್ಚುಗಳಿಂದ ಎರಡೂ ಜೋಡಣೆಗಳನ್ನು ಪರೀಕ್ಷಿಸಿ ಸರಿಯಾದುದನ್ನು ಆರಿಸಿಕೊಳ್ಳುತ್ತವೆ. ತಂತಿಯ ಮೇಲಿನ ಗುಂಡಿಗಳೂ ಇದೇ ಡಿಸಿ ವೋಲ್ಟೇಜನ್ನೇ ನೆಚ್ಚಿಕೊಂಡಿವೆ. ಆ್ಯಂಡ್ರಾಯ್ಡ್ ಹೆಡ್‌ಸೆಟ್‌ಗಳ ನಿಯಮದಂತೆ ಕರೆಯ ಗುಂಡಿ ಮೈಕನ್ನು ನೇರವಾಗಿ ಗ್ರೌಂಡಿಗೆ ಸೇರಿಸುತ್ತದೆ, ಧ್ವನಿ ಏರಿಸುವುದು 240 ಓಮ್ ಮೂಲಕ, ಇಳಿಸುವುದು 470 ಓಮ್ ಮೂಲಕ. ಹಾಗಾಗಿ ಕರೆಯ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಪ್ಲಗ್ಗನ್ನು ಸಿಕ್ಕಿಸಿದರೆ ಫೋನು ಅದನ್ನು ಮೈಕಿಲ್ಲದ ಹೆಡ್‌ಫೋನೆಂದು ತಿಳಿಯುವ ಸಂಭವವಿದೆ, ಮತ್ತು ಆ ತಪ್ಪಿಗೆ ಚಿಪ್ಪನ್ನು ದೂರುವಂತಿಲ್ಲ.

ಪ್ರಶ್ನೆ: ಲ್ಯಾಂಡ್‌ಲೈನಿನಲ್ಲಿ ಮಾತಿನ ನಡುವೆ ಅಂಕಿಯ ಗುಂಡಿ ಒತ್ತಿದರೆ ನನ್ನ ಧ್ವನಿ ಆ ಕಡೆಗೆ ಹೋಗುವುದಿಲ್ಲ. ಇದು ದೋಷವೇ?

ಉತ್ತರ: ದೋಷವಲ್ಲ, ಬೇಕೆಂದೇ ಮಾಡಿದ ಏರ್ಪಾಡು. ನೀವು 5 ಒತ್ತಿದಾಗ 770 ಮತ್ತು 1336 ಹರ್ಟ್ಸ್‌ನ ಎರಡು ಸ್ವರಗಳು ಒಟ್ಟಿಗೆ ಹೊರಡುತ್ತವೆ. ಅದರೊಂದಿಗೆ ಮಾತೋ ಕೋಣೆಯ ಸದ್ದೋ ಬೆರೆತರೆ ಎಕ್ಸ್‌ಚೇಂಜು ಅಂಕಿಯನ್ನು ಗುರುತಿಸಲಾರದೆ ಹೋಗಬಹುದು. ಆದ್ದರಿಂದ ಫಿಲಿಪ್ಸ್‌ನ ಟಿಇಎ1060 ಸರಣಿಯಂಥ ದೂರವಾಣಿ ಚಿಪ್ಪುಗಳಲ್ಲಿ ಮ್ಯೂಟ್ ಎಂಬ ಪಿನ್ನೊಂದಿದ್ದು, ಡಯಲಿಂಗ್ ಭಾಗದಿಂದ ಸಂಕೇತ ಬಂದೊಡನೆ ಅದು ಮೈಕಿನ ಹಾದಿಯನ್ನು ಮುಚ್ಚಿ ಸ್ವರಗಳ ಹಾದಿಯನ್ನು ತೆರೆಯುತ್ತದೆ. ಗುಂಡಿ ಒತ್ತಿದ್ದು ನಿಮಗೆ ಖಾತ್ರಿಯಾಗಲೆಂದು ಅದೇ ಸ್ವರವನ್ನು ತಗ್ಗಿಸಿ ನಿಮ್ಮ ಕಿವಿಗೂ ಕೇಳಿಸುತ್ತದೆ. ಚಿಪ್ಪುಗಳೇ ಇಲ್ಲದ, ಬೆರಳಿನಿಂದ ತಿರುಗಿಸುವ ಡಯಲಿನ ಕಾಲದಲ್ಲೂ ಇಂಥದೊಂದು ಇತ್ತು: ಡಯಲು ತಿರುಗುವಷ್ಟು ಹೊತ್ತು ಅದರ ಹಿಂದಿನ ಲೋಹದ ಸಂಪರ್ಕಗಳು ಇಯರ್‌ಪೀಸನ್ನು ಮುಚ್ಚಿ, ಟಕಟಕ ಸದ್ದು ಕಿವಿಗೆ ಬಡಿಯದಂತೆ ತಡೆಯುತ್ತಿದ್ದವು.

ಪ್ರಶ್ನೆ: ವಿಡಿಯೊ ಸಭೆಯಲ್ಲಿ ಮ್ಯೂಟ್ ಮಾಡಿ ಮಾತಾಡಿದರೆ, ‘ನೀವು ಮ್ಯೂಟ್ ಆಗಿದ್ದೀರಿ’ ಎಂದು ಆ್ಯಪ್ ಎಚ್ಚರಿಸುತ್ತದೆ. ಹಾಗಾದರೆ ಮೈಕ್ ನಿಜವಾಗಿ ಮುಚ್ಚಿದೆಯೇ?

ಉತ್ತರ: ಆ ಎಚ್ಚರಿಕೆ ಬಂದಿತೆಂದರೆ ಮುಚ್ಚಿಲ್ಲವೆಂದೇ ಅರ್ಥ. ಚಿಪ್ ಮೈಕನ್ನು ಓದುತ್ತಲೇ ಇರುತ್ತದೆ, ಆ್ಯಪ್ ಅದನ್ನು ಆಲಿಸುತ್ತಲೂ ಇರುತ್ತದೆ, ಆದರೆ ಆ ಕಡೆಗೆ ಕಳುಹಿಸುವುದಿಲ್ಲ. ವಿಸ್ಕಾನ್ಸಿನ್–ಮ್ಯಾಡಿಸನ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ವಿಡಿಯೊ ಸಭೆಯ ಆ್ಯಪ್‌ಗಳನ್ನು ಪರಿಶೀಲಿಸಿ, ಮ್ಯೂಟ್ ಆದ ಮೇಲೂ ಮೈಕ್ ಅವುಗಳ ಕೈಗೆ ಸಿಗುತ್ತದೆಂದು ತೋರಿಸಿದ್ದರು.

ಆ್ಯಪ್‌ನ ಈ ಮ್ಯೂಟ್‌ಗಿಂತ ಗಟ್ಟಿಯಾದುದು ಚಿಪ್ಪಿನೊಳಗಿನ ಮ್ಯೂಟ್, ಅದಕ್ಕೂ ಗಟ್ಟಿಯಾದುದು ಬಯಾಸನ್ನೇ ಕಡಿಯುವುದು. ಆದರೆ ಬಯಾಸನ್ನು ಥಟ್ಟನೆ ಕಡಿದರೆ ಮೈಕಿಗೂ ಆಂಪ್ಲಿಫೈಯರಿಗೂ ನಡುವಿನ, ಡಿಸಿಯನ್ನು ತಡೆದು ಧ್ವನಿಯನ್ನಷ್ಟೇ ಸಾಗಿಸುವ ಕೆಪಾಸಿಟರಿನ ವಿದ್ಯುದಾವೇಶ ಬದಲಾಗಿ ಆ ಕಡೆಯವರಿಗೆ ‘ಟಪ್’ ಎಂದು ಕೇಳಿಸುತ್ತದೆ; ಅದಕ್ಕಾಗಿ ಚಿಪ್ಪು ಮೊದಲು ಧ್ವನಿಯನ್ನು ಹಂತಹಂತವಾಗಿ ತಗ್ಗಿಸಿ ಆಮೇಲೆ ಬಯಾಸನ್ನು ಕಡಿಯುವಂತೆ ವಿನ್ಯಾಸ ಮಾಡುವುದು ಒಳ್ಳೆಯದು. ತಂತಿಯ ಮೇಲೆ ಸ್ವಿಚ್ಚಿಟ್ಟು ಮೈಕನ್ನು ಗ್ರೌಂಡಿಗೆ ಸೇರಿಸುವ ಉಪಾಯವೂ ಸರಾಗವಲ್ಲ, ಏಕೆಂದರೆ ಫೋನು ಅದನ್ನು ಕರೆಯ ಗುಂಡಿಯೆಂದು ಓದಿ ಕರೆಯನ್ನೇ ಮುಗಿಸಿಬಿಡಬಹುದು. ಅಂಥ ಸ್ವಿಚ್ಚು ಡಿಸಿಯನ್ನು ಹಾಗೆಯೇ ಉಳಿಸಿ, ಧ್ವನಿಯನ್ನು ಮಾತ್ರ ಕೆಪಾಸಿಟರಿನ ಮೂಲಕ ಗ್ರೌಂಡಿಗೆ ಇಳಿಸಬೇಕು.